ಕಾರಿನ ಎಂಜಿನ್‌ಗೆ ಸ್ವಂತ ಇಂಟೇಕ್ ಮ್ಯಾನಿಫೋಲ್ಡ್: ತುಮಕೂರಿನ ಗ್ಯಾರೇಜಿನಲ್ಲಿ ಲೆಕ್ಕ ಹಾಕಿ, ಕಟ್ಟಿ, ಟ್ಯೂನ್ ಮಾಡುವ ಸಮಗ್ರ ಮಾರ್ಗದರ್ಶಿ

ಇಂಟೇಕ್ ಮ್ಯಾನಿಫೋಲ್ಡ್ ಅಂದರೆ ಎಂಜಿನ್‌ಗೆ ಗಾಳಿ ಹಂಚುವ ಭಾಗ: ಗಾಳಿ ತುಂಬಿಕೊಳ್ಳುವ ಡಬ್ಬಿ ಪ್ಲೆನಮ್, ಅಲ್ಲಿಂದ ಪ್ರತಿ ಸಿಲಿಂಡರಿಗೂ ಹೋಗುವ ಪೈಪು ರನ್ನರ್. ಅದನ್ನು ಮಾಡಿಸಬೇಕು ಎಂದು ಬರುವವರು ಮೊದಲು ಕೇಳುವುದು ಪೈಪಿನ ಸೈಜು. ಎಷ್ಟು ಮಿ.ಮೀ. ಹಾಕಿದರೆ ಎಷ್ಟು ಎಚ್‌ಪಿ ಏರುತ್ತದೆ? ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಒಂದಿದೆ: ನಿಮ್ಮ ಗಾಡಿ ಸ್ಪರ್ಧೆಯಲ್ಲಿ ಯಾವ ಆರ್‌ಪಿಎಂನಲ್ಲಿ ಹೆಚ್ಚು ಹೊತ್ತು ಇರುತ್ತದೆ? ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಒಂದು ಆರ್‌ಪಿಎಂ ಪಟ್ಟಿಯಲ್ಲಿ (ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯಲ್ಲಿ) ಸಿಲಿಂಡರಿಗೆ ಗಾಳಿಯನ್ನು ಚೆನ್ನಾಗಿ ತುಂಬಿಸುತ್ತದೆ, ಉಳಿದ ಕಡೆ ಸ್ವಲ್ಪ ಕಸಿದುಕೊಳ್ಳುತ್ತದೆ. ಕಂಪನಿಯವರು ಊರಲ್ಲಿ ಓಡಿಸುವವರಿಗೆ, ಮೈಲೇಜಿಗೆ, ಹೊಗೆ ಪರೀಕ್ಷೆಗೆ, ಕಡಿಮೆ ಖರ್ಚಿಗೆ ಎಲ್ಲಕ್ಕೂ ಹೊಂದುವಂತೆ ಒಂದನ್ನು ಮಾಡಿರುತ್ತಾರೆ. ನಾವು ಅದರಲ್ಲಿ ಒಂದೇ ಗುರಿ ಆರಿಸಿಕೊಂಡು ಉಳಿದದ್ದನ್ನು ಬಿಟ್ಟುಕೊಡುತ್ತೇವೆ. ಯಾವುದನ್ನು ಬಿಡುತ್ತಿದ್ದೇವೆ ಎಂದು ಗೊತ್ತಿದ್ದು ಬಿಟ್ಟರೆ ಒಳ್ಳೆಯ ಮ್ಯಾನಿಫೋಲ್ಡ್ ಆಗುತ್ತದೆ.

ಉದಾಹರಣೆಗೆ ಮಾರುತಿ ಎಸ್ಟೀಮ್, ಜಿಪ್ಸಿ ಕಿಂಗ್ ಗಾಡಿಗಳಲ್ಲಿ ಬಂದ ಸುಜುಕಿ ಜಿ13 ಸರಣಿಯ 16 ವಾಲ್ವಿನ 1298 ಸಿಸಿ ಎಂಜಿನ್ ತೆಗೆದುಕೊಂಡಿದ್ದೇನೆ. ಬೋರ್ 74 ಮಿ.ಮೀ., ಸ್ಟ್ರೋಕ್ 75.5 ಮಿ.ಮೀ. ನಮ್ಮ ಕಡೆ ಡರ್ಟ್ ಟ್ರ್ಯಾಕ್, ಆಟೊಕ್ರಾಸ್, ರ‍್ಯಾಲಿ ಅಂದರೆ ಈ ಎಂಜಿನ್ ಕಾಣದೆ ಇರುವುದಿಲ್ಲ. ಗುಜರಿಯಲ್ಲಿ ಹಳೆಯ ಮ್ಯಾನಿಫೋಲ್ಡೂ ಸಿಗುತ್ತದೆ, ಹೆಡ್ಡೂ (ಸಿಲಿಂಡರುಗಳ ಮೇಲಿನ, ವಾಲ್ವ್ ಕೂರುವ ಭಾಗ) ಸಿಗುತ್ತದೆ. ಬೇರೆ ಎಂಜಿನ್ ಆದರೆ ಅಂಕಿ ಬದಲಿಸಿಕೊಳ್ಳಿ, ದಾರಿ ಇದೇ.

ಯಾವ ಗಾಡಿಗೆ, ಯಾವುದಕ್ಕೆ ಬೇಡ

ಇದು ಸ್ಪರ್ಧೆಗೆ ಮೀಸಲಾದ, ಟ್ರೇಲರಿನ ಮೇಲೆ ಹೋಗಿ ಬರುವ ಗಾಡಿಗೆ ಮಾತ್ರ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ನೋಂದಾಯಿತ ಗಾಡಿಗೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು ಎಂದಾಯಿತು. ಬಿ.ಎಚ್. ರೋಡಿನಲ್ಲಿ ಓಡಿಸುವ ಕಾರಿಗೆ ಇದನ್ನು ಮಾಡಬೇಡಿ.

ಸ್ಪರ್ಧೆಯಲ್ಲೂ ಎಲ್ಲ ವರ್ಗದಲ್ಲಿ ನಡೆಯುವುದಿಲ್ಲ. ದೇಶದ ಮೋಟಾರ್ ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮ ಪುಸ್ತಕದಲ್ಲಿ ನಿಮ್ಮ ವರ್ಗ ಯಾವುದು, ಅದರಲ್ಲಿ ಮ್ಯಾನಿಫೋಲ್ಡ್ ಬದಲಿಸಬಹುದೆ ಎಂದು ಓದಿಕೊಳ್ಳಿ. ಲೋಹ ಕೊಯ್ದ ಮೇಲೆ ಓದಿದರೆ ಉಪಯೋಗವಿಲ್ಲ.

ಹಳೆಯದನ್ನು ಬಿಚ್ಚುವ ಮೊದಲು

ಎಂಜಿನ್ ಆರೋಗ್ಯವಾಗಿದೆಯೇ ನೋಡಿ. ಕಂಪ್ರೆಷನ್ ನಾಲ್ಕು ಸಿಲಿಂಡರಲ್ಲೂ ಸಮನಾಗಿರಬೇಕು, ಟ್ಯಾಪೆಟ್ ಕ್ಲಿಯರೆನ್ಸ್ ಸರಿಯಿರಬೇಕು, ಟೈಮಿಂಗ್ ಬೆಲ್ಟ್ ಒಂದು ಹಲ್ಲೂ ಜಿಗಿದಿರಬಾರದು. ಸಾಧ್ಯವಾದರೆ ಬೆಂಗಳೂರಿಗೆ ಹೋಗಿ ಎಂಜಿನ್ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಹಾಕಿಸಿ, ಆ ಕಾಗದ ಜೋಪಾನ ಮಾಡಿ. ಮೊದಲಿನ ಅಂಕಿ ಇಲ್ಲದೆ ‘ಪಿಕಪ್ ಬಂತು’ ಅನ್ನುವುದಕ್ಕೆ ಬೆಲೆ ಇಲ್ಲ. ಫಿಲ್ಟರ್ ಶಬ್ದ ಜೋರಾದರೂ ಗಾಡಿ ಜೋರಾದಂತೆ ಅನ್ನಿಸುತ್ತದೆ.

ಇನ್ನೊಂದು ಅಳತೆಯಂತೂ ಬೇಕೇ ಬೇಕು. ಈ ಎಂಜಿನ್‌ನಲ್ಲಿ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದೆ. ಎಂಜಿನ್ ಆಫ್ ಇದ್ದಾಗ ಅದು ಸುತ್ತಲಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಆ ಅಂಕಿ 92 ಕಿಲೋಪಾಸ್ಕಲ್ ಆಸುಪಾಸಿನಲ್ಲಿರುತ್ತದೆ. ಚೆನ್ನೈ ಕರಾವಳಿಯಲ್ಲಾದರೆ 101. ಅಂದರೆ ಒಂದು ಭಾಗವನ್ನೂ ಮುಟ್ಟದೆ ನಮ್ಮೂರಿನ ಎಂಜಿನ್ ಶೇಕಡಾ ಒಂಬತ್ತರಷ್ಟು ಕಡಿಮೆ ಒತ್ತಡದ ಗಾಳಿ ಉಸಿರಾಡುತ್ತಿದೆ. ಈಗ ಫುಲ್ ಥ್ರಾಟಲ್‌ನಲ್ಲಿ 6000 ಆರ್‌ಪಿಎಂಗೆ ಏರಿಸಿ ಅದೇ ಸೆನ್ಸರ್ ಓದಿ. 90 ತೋರಿಸಿದರೆ ಫಿಲ್ಟರ್, ಹೋಸ್, ಥ್ರಾಟಲ್ ಬಾಡಿ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಚೆನ್ನಾಗಿವೆ, ಸುಧಾರಿಸಬೇಕಾದದ್ದು ರನ್ನರ್ ಮತ್ತು ಹೆಡ್. 85 ತೋರಿಸಿದರೆ ತೊಂದರೆ ಮ್ಯಾನಿಫೋಲ್ಡಿಗಿಂತ ಮುಂಚೆಯೇ ಇದೆ. ಮೊದಲು ಫಿಲ್ಟರ್ ಬಾಕ್ಸ್ ಸರಿಮಾಡಿ. ಕೆಲವರ ಕೆಲಸ ಇಲ್ಲಿಗೇ ಮುಗಿಯುತ್ತದೆ, ಅರ್ಧ ದಿನದ ಕೂಲಿಯಲ್ಲಿ.

ನಿರೀಕ್ಷೆಯನ್ನೂ ಇಲ್ಲೇ ಸರಿಮಾಡಿಕೊಳ್ಳಿ. ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ), ಹೆಡ್, ಎಕ್ಸಾಸ್ಟ್ ಎಲ್ಲ ಕಂಪನಿಯದೇ ಇದ್ದು ಮ್ಯಾನಿಫೋಲ್ಡ್ ಮಾತ್ರ ಬದಲಿಸಿದರೆ ಆರಿಸಿದ ಪಟ್ಟಿಯಲ್ಲಿ ಶೇಕಡಾ ಐದು ಸಿಕ್ಕರೂ ಕೆಲಸ ಚೆನ್ನಾಗಿ ಆಗಿದೆ ಎಂದು ನನ್ನ ಅಭಿಪ್ರಾಯ. ಇಪ್ಪತ್ತು ಎಚ್‌ಪಿ ಏರಿಸಿಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ.

ಒಂದನೇ ಹೆಜ್ಜೆ: ಆರ್‌ಪಿಎಂ ಪಟ್ಟಿ

ಇದಕ್ಕೆ ಗೇರ್ ಅನುಪಾತ ಬೇಕು. ನೀವು 6500ರಲ್ಲಿ ಗೇರ್ ಬದಲಿಸುತ್ತೀರಿ ಎಂದುಕೊಳ್ಳಿ. ಎರಡನೇ ಗೇರ್ 1.894, ಮೂರನೆಯದು 1.280 ಇರುವ ಗೇರ್‌ಬಾಕ್ಸ್‌ನಲ್ಲಿ 6500 ಇದ್ದದ್ದು 1.280 ÷ 1.894 ಲೆಕ್ಕದಲ್ಲಿ ಸುಮಾರು 4400ಕ್ಕೆ ಬೀಳುತ್ತದೆ. ಸ್ಪರ್ಧೆಯುದ್ದಕ್ಕೂ ಎಂಜಿನ್ ಬದುಕುವುದು 4400ರಿಂದ 6500ರ ನಡುವೆ. ಮ್ಯಾನಿಫೋಲ್ಡನ್ನು 6500ಕ್ಕೆ ಟ್ಯೂನ್ ಮಾಡಿದರೆ ಡೈನೊ ಕಾಗದದಲ್ಲಿ ಶಿಖರ ಎತ್ತರ ಕಾಣುತ್ತದೆ, ಆದರೆ ಪ್ರತಿ ಗೇರ್ ಹಾಕಿದಾಗಲೂ ಗಾಡಿ ಹಳ್ಳಕ್ಕೆ ಬಿದ್ದಂತಾಗುತ್ತದೆ. ಪಟ್ಟಿಯ ನಡುಮಧ್ಯ, 5500 ಇಟ್ಟುಕೊಳ್ಳೋಣ. ಮಣ್ಣಿನ ಟ್ರ್ಯಾಕಿನಲ್ಲಿ ತಿರುವುಗಳೇ ಹೆಚ್ಚಿದ್ದರೆ 5000ಕ್ಕೆ ಇಳಿಸುವುದೂ ತಪ್ಪಲ್ಲ. ಏರಿಸುವ ಆಸೆಯಂತೂ ಬೇಡ.

ಎರಡನೇ ಹೆಜ್ಜೆ: ರನ್ನರ್ ಅಗಲ ಮತ್ತು ಉದ್ದ

ಇಡೀ ಕೆಲಸದ ಜೀವ ಇಲ್ಲಿದೆ, ನಿಧಾನವಾಗಿ ಓದಿ.

ರನ್ನರ್ ಒಳಗಿನ ಗಾಳಿಗೆ ತೂಕವಿದೆ, ಓಟವಿದೆ. ಪಿಸ್ಟನ್ ಕೆಳಗಿಳಿದು ಮತ್ತೆ ಮೇಲೆ ಬರಲು ಶುರು ಮಾಡಿದ ಮೇಲೂ ಇಂಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದಿರುತ್ತದೆ. ಸಾರಿಗೆ ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ನುಗ್ಗುವ ಹಾಗೆ, ಓಡುತ್ತಿದ್ದ ಗಾಳಿ ಆ ಹೊತ್ತಿನಲ್ಲೂ ಸಿಲಿಂಡರಿಗೆ ನುಗ್ಗುತ್ತದೆ. ಜೊತೆಗೆ ಪಿಸ್ಟನ್ ಎಳೆದಾಗ ಹುಟ್ಟಿದ ಕಡಿಮೆ ಒತ್ತಡದ ಅಲೆ ರನ್ನರ್‌ನಲ್ಲಿ ಶಬ್ದದ ವೇಗದಲ್ಲಿ ಮೇಲಕ್ಕೆ ಓಡಿ, ಪ್ಲೆನಮ್‌ಗೆ ತೆರೆದುಕೊಳ್ಳುವ ಬಾಯಿಯಲ್ಲಿ ತಿರುಗಿ, ಹೆಚ್ಚು ಒತ್ತಡದ ಅಲೆಯಾಗಿ ವಾಪಸ್ ಬರುತ್ತದೆ. ಅದು ವಾಲ್ವ್ ಮುಚ್ಚುವ ಮುಂಚೆ ಬಂದು ತಲುಪಿದರೆ ಗಾಳಿಯನ್ನು ಇನ್ನಷ್ಟು ಒತ್ತಿ ಕೊಡುತ್ತದೆ. ತಡವಾಗಿ ಬಂದರೆ ಪ್ರಯೋಜನವಿಲ್ಲ. ರನ್ನರ್ ಉದ್ದವಾದಷ್ಟೂ ಅಲೆಗೆ ಹೊತ್ತು ಹಿಡಿಯುತ್ತದೆ, ಆದ್ದರಿಂದ ಉದ್ದ ರನ್ನರ್ ಕೆಳಗಿನ ಆರ್‌ಪಿಎಂಗೆ, ಗಿಡ್ಡದ್ದು ಮೇಲಿನದಕ್ಕೆ. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ದೊಡ್ಡ ವಿ8 ಎಂಜಿನ್‌ಗಳಿಗೆ 30 ಇಂಚು ಉದ್ದದ ರನ್ನರ್ ಹಾಕಿ ಮಾರಿದ್ದು ಇದೇ ತತ್ತ್ವದ ಮೇಲೆ.

ಲೆಕ್ಕಕ್ಕೆ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಎಂಗೆಲ್‌ಮನ್ ಬಳಸಿದ ಮಾದರಿ ಸಾಕು. ಸಿಲಿಂಡರ್ ಒಂದು ಗಾಳಿಯ ಬುಡ್ಡಿ, ರನ್ನರ್ ಅದರ ಕುತ್ತಿಗೆ ಎಂದು ಎಣಿಸುವುದು.

ಪರಿಣಾಮಕಾರಿ ಗಾತ್ರ = (ಒಂದು ಸಿಲಿಂಡರ್ ಸಿಸಿ ÷ 2) × (ಕಂಪ್ರೆಷನ್ ರೇಶಿಯೊ + 1) ÷ (ಕಂಪ್ರೆಷನ್ ರೇಶಿಯೊ − 1)

ಆವರ್ತನ = (ಶಬ್ದದ ವೇಗ ÷ 6.28) × √(ರನ್ನರ್ ವಿಸ್ತೀರ್ಣ ÷ (ಉದ್ದ × ಪರಿಣಾಮಕಾರಿ ಗಾತ್ರ))

ಟ್ಯೂನ್ ಆಗುವ ಆರ್‌ಪಿಎಂ = ಆವರ್ತನ × 60 ÷ 2.1

ಎಲ್ಲವನ್ನೂ ಮೀಟರ್, ಚದರ ಮೀಟರ್, ಘನ ಮೀಟರ್ ಲೆಕ್ಕದಲ್ಲಿ ಹಾಕಿ. ‘ಉದ್ದ’ ಅಂದರೆ ವಾಲ್ವ್ ಸೀಟಿನಿಂದ ಬೆಲ್‌ಮೌತ್ (ಪ್ಲೆನಮ್ ಒಳಗೆ ಅಗಲವಾಗಿ ತೆರೆದ ರನ್ನರ್ ಬಾಯಿ) ತುದಿಯವರೆಗೆ, ಹೆಡ್ ಒಳಗಿನ ಪೋರ್ಟ್ ಸೇರಿಸಿ, ಪೈಪಿನ ನಡುಗೆರೆಯಲ್ಲಿ ಅಳೆದದ್ದು. ಫ್ಲೇಂಜ್‌ನಿಂದ (ಮ್ಯಾನಿಫೋಲ್ಡನ್ನು ಹೆಡ್‌ಗೆ ಬಿಗಿಯುವ ಚಪ್ಪಟೆ ಪ್ಲೇಟು) ಅಳೆದರೆ ಲೆಕ್ಕವೆಲ್ಲ ತಪ್ಪುತ್ತದೆ.

ನಮ್ಮ ಎಂಜಿನ್‌ಗೆ: ಒಂದು ಸಿಲಿಂಡರ್ 324.7 ಸಿಸಿ. ಕಂಪ್ರೆಷನ್ 9.5 ಎಂದು ಹಿಡಿದರೆ ಪರಿಣಾಮಕಾರಿ ಗಾತ್ರ ಸುಮಾರು 200 ಸಿಸಿ. 9 ಎಂದು ಹಿಡಿದರೂ ಹೆಚ್ಚು ವ್ಯತ್ಯಾಸವಿಲ್ಲ. 32 ಡಿಗ್ರಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 350 ಮೀಟರ್. ಒಳವ್ಯಾಸ 36 ಮಿ.ಮೀ., ಒಟ್ಟು ಉದ್ದ 420 ಮಿ.ಮೀ. ಇಟ್ಟರೆ ಉತ್ತರ ಸುಮಾರು 5530 ಆರ್‌ಪಿಎಂ. ಗುರಿಗೆ ಸರಿಯಾಗಿ ಬಂತು. ಅದೇ ಉದ್ದದಲ್ಲಿ 32 ಮಿ.ಮೀ. ಹಾಕಿದರೆ 4900ಕ್ಕೆ ಇಳಿಯುತ್ತದೆ, 40 ಹಾಕಿದರೆ 6150ಕ್ಕೆ ಏರುತ್ತದೆ. 36 ಮಿ.ಮೀ. ಉಳಿಸಿಕೊಂಡು ಉದ್ದವನ್ನು 300ಕ್ಕೆ ಕತ್ತರಿಸಿದರೆ 6550. ಅಗಲ, ಉದ್ದ ಎರಡೂ ಒಂದೇ ಹಗ್ಗದ ಎರಡು ತುದಿ. ಒಂದನ್ನು ಬದಲಿಸಿದರೆ ಇನ್ನೊಂದನ್ನು ಮತ್ತೆ ಲೆಕ್ಕ ಹಾಕಲೇಬೇಕು.

ಅಗಲವನ್ನು ಗಾಳಿಯ ವೇಗದಿಂದಲೂ ಪರೀಕ್ಷಿಸಿ. 5500ರಲ್ಲಿ ಪಿಸ್ಟನ್ ಸರಾಸರಿ ವೇಗ ಸೆಕೆಂಡಿಗೆ 13.8 ಮೀಟರ್. ಅದನ್ನು ಬೋರ್ ವಿಸ್ತೀರ್ಣದಿಂದ ಗುಣಿಸಿ ರನ್ನರ್ ವಿಸ್ತೀರ್ಣದಿಂದ ಭಾಗಿಸಿ. 36 ಮಿ.ಮೀ.ಗೆ 58 ಮೀಟರ್ ಬರುತ್ತದೆ, 6500ರಲ್ಲಿ 69. ಈ ಸರಾಸರಿ 55ರಿಂದ 75ರೊಳಗೆ ಇದ್ದರೆ ನನಗೆ ಸಮಾಧಾನ. 40 ಮಿ.ಮೀ. ಪೈಪಿನಲ್ಲಿ 5500ಕ್ಕೆ 47 ಮಾತ್ರ. ಗಾಳಿ ಸೋಮಾರಿಯಾಗುತ್ತದೆ, ಕೆಳಗಿನ ಎಳೆತ ಹೋಗುತ್ತದೆ. 32ರಲ್ಲಿ 6500ಕ್ಕೆ 87 ಮುಟ್ಟಿ ಉಸಿರು ಕಟ್ಟುತ್ತದೆ. ದಪ್ಪ ಪೈಪ್ ಹಾಕಿದಷ್ಟೂ ಪವರ್ ಎನ್ನುವ ನಂಬಿಕೆ ಎಷ್ಟೋ ಗಾಡಿಗಳ ನಡು ಆರ್‌ಪಿಎಂ ಟಾರ್ಕ್ ಕೊಂದಿದೆ.

ಅಲೆಯ ಲೆಕ್ಕದಿಂದ ಇನ್ನೊಂದು ತಾಳೆ ನೋಡೋಣ. ಇಂಟೇಕ್ ವಾಲ್ವ್ 240 ಡಿಗ್ರಿ ತೆರೆದಿರುವ ಕ್ಯಾಮ್ ಎಂದುಕೊಂಡರೆ ಮುಚ್ಚಿರುವುದು 480 ಡಿಗ್ರಿ. 5500ರಲ್ಲಿ ಅದು 14.5 ಮಿಲಿಸೆಕೆಂಡು. ಮುಚ್ಚಿದ ವಾಲ್ವಿಗೂ ತೆರೆದ ಬಾಯಿಗೂ ನಡುವೆ ಅಲೆ ಎರಡು ಸಲ ಹೋಗಿ ಬಂದರೆ ಒಂದು ಪೂರ್ತಿ ಆವರ್ತ, ಅಂದರೆ ಉದ್ದದ ನಾಲ್ಕರಷ್ಟು ದೂರ: 1.68 ಮೀಟರ್, 4.8 ಮಿಲಿಸೆಕೆಂಡು. 14.5ರಲ್ಲಿ ಇಂಥ ಮೂರು ಆವರ್ತ ಸರಿಯಾಗಿ ಕೂರುತ್ತವೆ, ವಾಲ್ವ್ ಮತ್ತೆ ತೆರೆಯುವ ಹೊತ್ತಿಗೆ ಒತ್ತಡದ ಅಲೆ ಬಾಗಿಲಲ್ಲಿ ನಿಂತಿರುತ್ತದೆ. ಎರಡು ದಾರಿಯ ಲೆಕ್ಕವೂ ಒಂದೇ ಕಡೆ ಬಂದಾಗ ಧೈರ್ಯವಾಗಿ ಮುಂದುವರಿಯಬಹುದು. ನಿಮ್ಮ ಕ್ಯಾಮ್ ಡಿಗ್ರಿ ಬೇರೆ ಇದ್ದರೆ ಅದನ್ನೇ ಹಾಕಿ.

ಹೆಡ್ ಪೋರ್ಟಿನ ಉದ್ದವನ್ನು ಗುಜರಿ ಹೆಡ್‌ನಲ್ಲಿ ಮೆತ್ತನೆಯ ತಂತಿ ಬಗ್ಗಿಸಿ ಅಳೆಯಿರಿ. 90 ಮಿ.ಮೀ. ಬಂದರೆ ನೀವು ಕಟ್ಟಬೇಕಾದ ರನ್ನರ್ 330 ಮಿ.ಮೀ.

ಮೂರನೇ ಹೆಜ್ಜೆ: ಪ್ಲೆನಮ್, ಬೆಲ್‌ಮೌತ್, ಥ್ರಾಟಲ್

ಪ್ಲೆನಮ್ ಗಾತ್ರಕ್ಕೆ ಎಂಜಿನ್ ಸಿಸಿಯಷ್ಟರಿಂದ ಅದರ ಒಂದೂಕಾಲು ಪಟ್ಟಿನವರೆಗೆ ಇಟ್ಟುಕೊಳ್ಳಿ, ಇಲ್ಲಿ 1.3ರಿಂದ 1.6 ಲೀಟರ್. ಒಳವ್ಯಾಸ 80 ಮಿ.ಮೀ. ಇರುವ 320 ಮಿ.ಮೀ. ಉದ್ದದ ಪೈಪು 1.6 ಲೀಟರ್ ಹಿಡಿಯುತ್ತದೆ, ನಾಲ್ಕು ರನ್ನರಿಗೂ ಜಾಗ ಕೊಡುತ್ತದೆ. ತೀರಾ ದೊಡ್ಡದು ಮಾಡಿದರೆ ಆಕ್ಸಿಲರೇಟರ್ ಒತ್ತಿದಾಗ ಉತ್ತರ ತಡವಾಗುತ್ತದೆ, ತಿರುವಿನಿಂದ ಹೊರಬರುವಾಗ ಅದು ಕಾಡುತ್ತದೆ. ಸಿದ್ಧಗಂಗಾ ತಾಂತ್ರಿಕ ಕಾಲೇಜಿನಂಥ ಕಡೆ ಫಾರ್ಮುಲಾ ಸ್ಟೂಡೆಂಟ್ ಗಾಡಿ ಕಟ್ಟುವ ವಿದ್ಯಾರ್ಥಿಗಳಿಗೆ ಒಂದು ಮಾತು: ನಿಮ್ಮ ನಿಯಮದಲ್ಲಿ ಪೆಟ್ರೋಲ್ ಎಂಜಿನ್‌ಗೆ ಗಾಳಿಯನ್ನು ಮಿತಗೊಳಿಸುವ 20 ಮಿ.ಮೀ. ರಿಸ್ಟ್ರಿಕ್ಟರ್ ಕಡ್ಡಾಯ, ಅದರ ಹಿಂದೆ ಗಾಳಿ ಸಂಗ್ರಹಕ್ಕೆ ಪ್ಲೆನಮ್ ಇದಕ್ಕಿಂತ ಬಹಳ ದೊಡ್ಡದಿರಬೇಕು. ಈ ಅಳತೆ ನಿಮಗೆ ಹೊಂದುವುದಿಲ್ಲ.

ರನ್ನರ್ ಬಾಯಿ ಪ್ಲೆನಮ್ ಒಳಗೆ ಚೂಪು ಅಂಚಾಗಿ ಮುಗಿಯಬಾರದು. ಅಂಚನ್ನು ಸುಮಾರು 9 ಮಿ.ಮೀ. ತ್ರಿಜ್ಯದಲ್ಲಿ ಹೊರಕ್ಕೆ ದುಂಡಗೆ ತಿರುಗಿಸಿ. ಲೇತ್ ಶಾಪಿನಲ್ಲಿ ಅಲ್ಯೂಮಿನಿಯಂ ರಾಡಿನಿಂದ ನಾಲ್ಕು ಬೆಲ್‌ಮೌತ್ ಟರ್ನ್ ಮಾಡಿಸಿದರೆ ಅಚ್ಚುಕಟ್ಟು. ಬೆಲ್‌ಮೌತ್ ಮುಖಕ್ಕೂ ಎದುರು ಗೋಡೆಗೂ ನಡುವೆ ಕನಿಷ್ಠ ಒಂದು ರನ್ನರ್ ವ್ಯಾಸದಷ್ಟು ಖಾಲಿ ಬೇಕು. ಮೊದಲ ಮತ್ತು ಕೊನೆಯ ರನ್ನರ್ ಪ್ಲೆನಮ್ ತುದಿಗೆ ಅಂಟಿಕೊಂಡಿರಬಾರದು.

ಥ್ರಾಟಲ್ ನಡುವೆ ಇಟ್ಟರೆ ನಾಲ್ಕು ಸಿಲಿಂಡರಿಗೂ ಹಂಚಿಕೆ ಸಮನಾಗಿರುತ್ತದೆ. ಬಾನೆಟ್ ಕೆಳಗೆ ಜಾಗ ಸಾಲದೆ ತುದಿಗೆ ಇಡಬೇಕಾಗಿ ಬಂದರೆ ಪ್ಲೆನಮನ್ನು ಥ್ರಾಟಲ್ ಕಡೆ ಅಗಲ, ಆಚೆ ತುದಿಗೆ ಕಿರಿದು ಮಾಡಿ. ಥ್ರಾಟಲ್ ಬಾಡಿ ಕಂಪನಿಯದ್ದೇ ಇರಲಿ. ಈ ಎಂಜಿನ್ 6000ರಲ್ಲಿ ಸೆಕೆಂಡಿಗೆ ಸುಮಾರು 58 ಲೀಟರ್ ಗಾಳಿ ಎಳೆಯುತ್ತದೆ. ನಿಮ್ಮ ಥ್ರಾಟಲ್ ವ್ಯಾಸ ಅಳೆದು ಭಾಗಿಸಿ ನೋಡಿ; 46 ಮಿ.ಮೀ. ಇದ್ದರೆ ಅದರಲ್ಲಿ ಗಾಳಿಯ ವೇಗ 35 ಮೀಟರ್, ತೊಂದರೆಯೇನಿಲ್ಲ. ಅದರ ಮೇಲಿರುವ ಪೊಸಿಷನ್ ಸೆನ್ಸರ್, ಐಡಲ್ ವಾಲ್ವ್ ಎಲ್ಲ ಹಾಗೇ ಬಳಸಬಹುದು ಎಂಬುದು ದೊಡ್ಡ ಅನುಕೂಲ.

ನಾಲ್ಕನೇ ಹೆಜ್ಜೆ: ಪಿವಿಸಿಯಲ್ಲಿ ಮಾದರಿ

ಬೋರ್‌ವೆಲ್ ನಾಡಿನಲ್ಲಿ ಪಿವಿಸಿ ಪೈಪಿಗೆ ಬರವಿಲ್ಲ. ಅಳತೆಗೆ ಹತ್ತಿರದ ಪೈಪು, ಬೆಂಡು ತಂದು, ರಟ್ಟಿನ ಫ್ಲೇಂಜ್ ಕತ್ತರಿಸಿ, ಎಂ-ಸೀಲ್ ಹಾಕಿ ಇಡೀ ಮ್ಯಾನಿಫೋಲ್ಡನ್ನು ಗಾಡಿಯ ಮೇಲೇ ಕಟ್ಟಿ. ಬಾನೆಟ್ ಮುಚ್ಚುತ್ತದೆಯೇ? ಸ್ಪಾನರ್ ಪ್ರತಿ ಬೋಲ್ಟಿಗೂ ತಲುಪುತ್ತದೆಯೇ? ಡಿಪ್‌ಸ್ಟಿಕ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಬೂಸ್ಟರ್ ಹೋಸ್ ಎಲ್ಲಿ ಹೋಗುತ್ತವೆ? ಎಂಜಿನ್ ಮೌಂಟ್ ಮೇಲೆ ತೂಗಾಡುತ್ತದೆ, ಆದ್ದರಿಂದ ಸುತ್ತ 20ರಿಂದ 25 ಮಿ.ಮೀ. ಖಾಲಿ ಬಿಡಿ. ಬಾನೆಟ್ ಒಳಮೈಗೂ ಮಾದರಿಗೂ ನಡುವೆ ಜೇಡಿಮಣ್ಣಿನ ಉಂಡೆ ಇಟ್ಟು ಮುಚ್ಚಿ ತೆಗೆದರೆ ಎಷ್ಟು ಖಾಲಿ ಇದೆ ಎಂದು ಗೊತ್ತಾಗುತ್ತದೆ. ರನ್ನರ್ ಬಾಗುವ ಕಡೆ ನಡುಗೆರೆಯ ತ್ರಿಜ್ಯ ವ್ಯಾಸದ ಒಂದೂವರೆ ಪಟ್ಟಿಗಿಂತ ಕಡಿಮೆ ಆಗಬಾರದು. ಜಾಗಕ್ಕಾಗಿ ಒಂದು ರನ್ನರನ್ನು ಮಾತ್ರ ಗಿಡ್ಡ ಮಾಡುವ ಆಸೆ ಇಲ್ಲೇ ಹುಟ್ಟುತ್ತದೆ. ಬೇಡ. ನಾಲ್ಕನ್ನೂ ಒಟ್ಟಿಗೆ 15 ಮಿ.ಮೀ. ಗಿಡ್ಡ ಮಾಡಿದರೆ ನೂರು ಆರ್‌ಪಿಎಂ ಮೇಲಕ್ಕೆ ಸರಿಯುತ್ತದೆ ಅಷ್ಟೇ, ಸಮನಾದರೂ ಇರುತ್ತವೆ.

ಈ ಮಾದರಿಯ ಮೇಲೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. 3ಡಿ ಪ್ರಿಂಟ್ ಮಾಡಿಸಿದ ಪಿಎಲ್‌ಎ ಮಾದರಿಗೂ ಇದೇ ಮಾತು. ಬಾನೆಟ್ ಕೆಳಗಿನ ಶಾಖಕ್ಕೆ ಅದು ಮೆತ್ತಗಾಗುತ್ತದೆ.

ಐದನೇ ಹೆಜ್ಜೆ: ಫ್ಲೇಂಜ್ ಮತ್ತು ಇಂಜೆಕ್ಟರ್

ಎರಡು ದಾರಿಗಳಿವೆ. ಹಳೆಯ ಮ್ಯಾನಿಫೋಲ್ಡನ್ನು ಹೆಡ್ ಹತ್ತಿರ ಕೊಯ್ದು, ಇಂಧನ ಚಿಮ್ಮಿಸುವ ಇಂಜೆಕ್ಟರ್ ಕೂರುವ ಭಾಗ ಉಳಿಸಿಕೊಂಡು ಅದಕ್ಕೆ ಹೊಸ ಪೈಪ್ ವೆಲ್ಡ್ ಮಾಡುವುದು ಒಂದು. ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ, ಏಕೆಂದರೆ ಇಂಜೆಕ್ಟರಿನ ಕೋನ ಕಂಪನಿ ಲೆಕ್ಕದ್ದೇ ಉಳಿಯುತ್ತದೆ, ಇಂಧನ ನೇರ ವಾಲ್ವಿನ ಬೆನ್ನಿಗೆ ಬೀಳುತ್ತದೆ. ಸುಜುಕಿ ಜಿ ಸರಣಿಯ ಕೆಲವು ಎಂಜಿನ್‌ಗಳಲ್ಲಿ ಕೂಲಂಟ್ ದಾರಿಯೂ ಥರ್ಮೋಸ್ಟಾಟ್ ಜಾಗವೂ ಮ್ಯಾನಿಫೋಲ್ಡಿನಲ್ಲೇ ಇರುತ್ತವೆ, ಅವೂ ಉಳಿಯುತ್ತವೆ. ತೊಂದರೆ ಎಂದರೆ ವರ್ಷಗಟ್ಟಲೆ ಎಣ್ಣೆ ಕುಡಿದ ಎರಕದ ಅಲ್ಯೂಮಿನಿಯಂ. ಅದನ್ನು ಚೆನ್ನಾಗಿ ತೊಳೆದು, ಬಿಸಿ ಮಾಡಿ ಎಣ್ಣೆ ಹೊರಗೆ ಬರಿಸಿ, ಮತ್ತೆ ಒರೆಸಿ ಆಮೇಲೆ ವೆಲ್ಡ್ ಮಾಡಬೇಕು, ಇಲ್ಲದಿದ್ದರೆ ಬೀಡ್ ತುಂಬ ಕಪ್ಪು ಗುಳ್ಳೆ ಏಳುತ್ತವೆ.

ಇನ್ನೊಂದು ದಾರಿ ಹೊಸ ಫ್ಲೇಂಜ್. 6061 ಅಲ್ಯೂಮಿನಿಯಂ ಪ್ಲೇಟು, 10ರಿಂದ 12 ಮಿ.ಮೀ. ದಪ್ಪ. ಹೊಸ ಪ್ಯಾಕಿಂಗ್ (ಗ್ಯಾಸ್ಕೆಟ್) ತಂದು ಅದರಿಂದಲೇ ಗುರುತು ಹಾಕಿ, ಹೆಡ್ ಮೇಲೆ ಇಟ್ಟು ತಾಳೆ ನೋಡಿ. ಪೀಣ್ಯದಲ್ಲಿ ವಾಟರ್‌ಜೆಟ್ ಅಥವಾ ಲೇಸರ್ ಕಟಿಂಗ್ ಮಾಡುವವರಿದ್ದಾರೆ, ಡ್ರಾಯಿಂಗ್ ಫೈಲ್ ಕೊಟ್ಟರೆ ಕೊಯ್ದು ಕೊಡುತ್ತಾರೆ. ಮಿಲ್ಲಿಂಗ್, ಟರ್ನಿಂಗ್ ಕೆಲಸವನ್ನು ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಕಡೆಯೇ ಮಾಡಿಸಬಹುದು, ಬೆಂಗಳೂರು ಬೇಕಿಲ್ಲ. ಇಂಜೆಕ್ಟರ್ ಕೂರುವ ಗೂಡುಗಳಾದ ಬಾಸ್‌ಗಳ ಒಳ ಅಳತೆಯನ್ನು ಹಳೆಯ ಮ್ಯಾನಿಫೋಲ್ಡಿನಿಂದ ವರ್ನಿಯರ್‌ನಲ್ಲಿ ತೆಗೆದುಕೊಳ್ಳಿ. ಓ-ರಿಂಗ್ ಕೂರುವ ಮೈ ನುಣುಪಾಗಿರಬೇಕು.

ಪೋರ್ಟ್ ಜೋಡಣೆಯಲ್ಲಿ ನೆನಪಿಡಬೇಕಾದದ್ದು ಇಷ್ಟು: ಗಾಳಿ ಹರಿಯುವ ದಾರಿಗೆ ಹೆಡ್ ಅಂಚು ಅಡ್ಡ ಬರಬಾರದು. ಮ್ಯಾನಿಫೋಲ್ಡ್ ರಂಧ್ರ ಹೆಡ್ ರಂಧ್ರಕ್ಕೆ ಸಮ ಇರಲಿ, ಇಲ್ಲವೇ ಅರ್ಧ ಮಿ.ಮೀ. ಚಿಕ್ಕದಿರಲಿ.

ಆರನೇ ಹೆಜ್ಜೆ: ವೆಲ್ಡಿಂಗ್

ಅಲ್ಯೂಮಿನಿಯಂ ಟಿಗ್ ವೆಲ್ಡಿಂಗ್ ಗೊತ್ತಿರುವವರಿಂದಲೇ ಮಾಡಿಸಿ. ಎಸಿ ಕರೆಂಟು, ಶುದ್ಧ ಆರ್ಗಾನ್, 4043 ಫಿಲ್ಲರ್ ಸಾಮಾನ್ಯವಾಗಿ ಸರಿ; ಅದು ಬಿರುಕು ಬಿಡುವುದು ಕಡಿಮೆ. ಕೀಲುಗಳನ್ನು ಅಸಿಟೋನ್‌ನಿಂದ ಒರೆಸಿ, ಅಲ್ಯೂಮಿನಿಯಂಗೆ ಮಾತ್ರ ಎಂದು ಬೇರೆ ಇಟ್ಟ ಸ್ಟೇನ್‌ಲೆಸ್ ಬ್ರಷ್‌ನಿಂದ ಉಜ್ಜಿ. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ವೆಲ್ಡ್ ಮಾಡಬೇಡಿ. ಕ್ಲೋರಿನ್ ಇರುವ ಕ್ಲೀನರ್ ಆರ್ಕ್ ಬೆಳಕಿಗೆ, ಶಾಖಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ವಿಷಾನಿಲ ಆಗುತ್ತದೆ, ಸ್ವಲ್ಪವೇ ಉಸಿರಾಡಿದರೂ ಪ್ರಾಣಕ್ಕೆ ಅಪಾಯ. ಗ್ಯಾರೇಜಿನಲ್ಲಿ ಈ ಮಾತನ್ನು ದಯವಿಟ್ಟು ಎಲ್ಲರಿಗೂ ಹೇಳಿ.

ಅಲ್ಯೂಮಿನಿಯಂ ಬಿಸಿಗೆ ಬಾಗುತ್ತದೆ. ಫ್ಲೇಂಜನ್ನು ಗುಜರಿ ಹೆಡ್‌ಗೆ ಅಥವಾ ದಪ್ಪ ಕಬ್ಬಿಣದ ಪ್ಲೇಟಿಗೆ ಎಲ್ಲ ಬೋಲ್ಟ್ ಹಾಕಿ ಬಿಗಿದು, ಆಮೇಲೆ ವೆಲ್ಡ್ ಶುರು ಮಾಡಿ. ಮೊದಲು ಎಲ್ಲ ಕಡೆ ಟ್ಯಾಕ್, ಬಳಿಕ ಒಂದನೇ ರನ್ನರಿನ ಕಾಲು ಭಾಗ, ನಾಲ್ಕನೆಯದರ ಕಾಲು ಭಾಗ, ಹೀಗೆ ಜಾಗ ಬದಲಿಸುತ್ತಾ ಹೋಗಿ. ಮುಗಿದ ಮೇಲೆ ಬಿಚ್ಚದೆ ಪೂರ್ತಿ ತಣಿಯಲು ಬಿಡಿ, ನೀರು ಹಾಕಬೇಡಿ. ಬಿಚ್ಚಿದ ನಂತರ ಫ್ಲೇಂಜ್ ಮುಖವನ್ನು ಮಿಲ್ಲಿಂಗ್ ಮಾಡಿಸಿ ಸಮ ಮಾಡಲೇಬೇಕು. ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ಹಾಕಿದಾಗ 0.1 ಮಿ.ಮೀ. ಎಲೆ ಎಲ್ಲೂ ಒಳಗೆ ಹೋಗಬಾರದು. ಪ್ಲೆನಮ್ ಮುಚ್ಚುವ ಮುಂಚೆಯೇ ಒಳಗಿನ ವೆಲ್ಡ್ ಗುಳ್ಳೆ, ಲೋಹದ ಚೂರು ತೆಗೆದು ತೊಳೆಯಿರಿ; ಒಂದು ಚೂರು ಬಿದ್ದರೂ ನೇರ ಸಿಲಿಂಡರಿಗೇ ಹೋಗುತ್ತದೆ.

ಪ್ಲೆನಮ್‌ಗೆ ಬೇಕಾದ ನಿಪ್ಪಲ್‌ಗಳನ್ನು ಮೊದಲೇ ಪಟ್ಟಿ ಮಾಡಿಕೊಳ್ಳಿ: ಬ್ರೇಕ್ ಬೂಸ್ಟರ್, ಮ್ಯಾಪ್ ಸೆನ್ಸರ್, ಗಾಳಿಯ ಉಷ್ಣತೆಯ ಸೆನ್ಸರ್, ಪಿಸಿವಿ (ಎಂಜಿನ್ ಒಳಗಿನ ಆವಿಯನ್ನು ಎಳೆದುಕೊಳ್ಳುವ ದಾರಿ), ಫ್ಯೂಯಲ್ ಪ್ರೆಷರ್ ರೆಗ್ಯುಲೇಟರ್. ಬ್ರೇಕ್ ಬೂಸ್ಟರ್ ಹೋಸನ್ನು ಹಳೆಯ ಒನ್-ವೇ ವಾಲ್ವ್ ಸಮೇತ ಪ್ಲೆನಮ್‌ಗೇ ಕೊಡಿ. ಈ ಹೋಸ್ ಸಡಿಲವಾದರೆ ಪೆಡಲ್ ಕಲ್ಲಾಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಏಳನೇ ಹೆಜ್ಜೆ: ಲೀಕ್ ಪರೀಕ್ಷೆ, ಜೋಡಣೆ

ಎಲ್ಲ ಬಾಯಿ ಮುಚ್ಚಿ ಒಳಗೆ 0.3 ಬಾರ್ ಗಾಳಿ ಕೊಟ್ಟು ಸೋಪು ನೀರು ಸವರಿ. ಗುಳ್ಳೆ ಬಂದ ಕಡೆ ಮತ್ತೆ ವೆಲ್ಡ್. ಎಂ-ಸೀಲ್ ಮೆತ್ತಿ ಮುಚ್ಚುವುದು ಬೇಡ, ಮ್ಯಾನಿಫೋಲ್ಡಿನ ಶಾಖಕ್ಕೂ ನಡುಕಕ್ಕೂ ಅದು ಬಿಟ್ಟುಕೊಳ್ಳುತ್ತದೆ.

ಪ್ಲೆನಮ್‌ನಿಂದ ಬ್ಲಾಕ್‌ಗೆ ಒಂದು ಆಧಾರದ ಬ್ರಾಕೆಟ್ ಕಡ್ಡಾಯ. ತೂಗಾಡುವ ಮ್ಯಾನಿಫೋಲ್ಡ್ ಫ್ಲೇಂಜ್ ಬುಡದಲ್ಲಿ ಬಿರುಕು ಬಿಡುತ್ತದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಫ್ಯೂಯಲ್ ರೈಲ್ ಗಟ್ಟಿಯಾಗಿ ಬೋಲ್ಟ್ ಆಗಿರಬೇಕು. ಸ್ಟಾರ್ಟ್ ಮಾಡುವ ಮುಂಚೆ ಕೀ ಆನ್ ಮಾಡಿ ಪಂಪ್ ಒತ್ತಡ ಬರಿಸಿ, ಪ್ರತಿ ಇಂಜೆಕ್ಟರ್ ಬುಡವನ್ನೂ ಬೆರಳಿನಿಂದ ಮುಟ್ಟಿ ನೋಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಇರಲಿ.

ಎಂಟನೇ ಹೆಜ್ಜೆ: ಟ್ಯೂನಿಂಗ್

ಹೊಸ ಮ್ಯಾನಿಫೋಲ್ಡಿಗೆ ಹಳೆಯ ಇಂಧನ ಲೆಕ್ಕ ಹೊಂದುವುದಿಲ್ಲ. ಮ್ಯಾಪ್ ಸೆನ್ಸರ್ ಆಧರಿಸಿದ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ‘ಇಷ್ಟು ಆರ್‌ಪಿಎಂ, ಇಷ್ಟು ಒತ್ತಡ ಇದ್ದರೆ ಸಿಲಿಂಡರ್ ಇಷ್ಟು ತುಂಬಿರುತ್ತದೆ’ ಎಂಬ ಕೋಷ್ಟಕ ಇಟ್ಟುಕೊಂಡಿರುತ್ತದೆ. ನೀವು ಬದಲಿಸಿದ್ದೇ ಆ ತುಂಬುವಿಕೆಯನ್ನು. 5500ರಲ್ಲಿ ಗಾಳಿ ಹೆಚ್ಚಾಗಿ, ಇಂಧನ ಅಷ್ಟೇ ಇದ್ದರೆ ಮಿಶ್ರಣ ತೆಳ್ಳಗಾಗಿ ಪಿಸ್ಟನ್ ಸುಡುತ್ತದೆ. ಆದ್ದರಿಂದ ಟ್ಯೂನ್ ಮಾಡಬಲ್ಲ ಇಸಿಯು ಮತ್ತು ಎಕ್ಸಾಸ್ಟ್ ಹೊಗೆಯಿಂದ ಗಾಳಿ–ಇಂಧನದ ಪ್ರಮಾಣ ತಿಳಿಸುವ ವೈಡ್‌ಬ್ಯಾಂಡ್ ಲ್ಯಾಂಬ್ಡಾ ಸೆನ್ಸರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಗುರಿಯನ್ನು ಲ್ಯಾಂಬ್ಡಾ ಅಂಕಿಯಲ್ಲೇ ಇಡಿ (1 ಅಂದರೆ ಸರಿಸಮ ಮಿಶ್ರಣ, ಅದಕ್ಕಿಂತ ಕಡಿಮೆ ಅಂದರೆ ಇಂಧನ ಹೆಚ್ಚು). ಈಗ ಬಂಕ್‌ನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಇ20. ಅದರ ಸರಿಸಮ ಮಿಶ್ರಣ ಒಂದು ಪಾಲು ಇಂಧನಕ್ಕೆ ತೂಕದಲ್ಲಿ ಸುಮಾರು 13.5 ಪಾಲು ಗಾಳಿ, ಹಳೆಯ ಶುದ್ಧ ಪೆಟ್ರೋಲಿನ 14.7 ಅಲ್ಲ. ಹಳೆಯ ಗಾಳಿ–ಇಂಧನ ಅಂಕಿ ಹಿಡಿದು ಟ್ಯೂನ್ ಮಾಡಿದರೆ ತಪ್ಪುತ್ತದೆ, ಲ್ಯಾಂಬ್ಡಾ ಆದರೆ ಯಾವ ಇಂಧನಕ್ಕೂ ಒಂದೇ. ಫುಲ್ ಥ್ರಾಟಲ್‌ನಲ್ಲಿ 0.86ರಿಂದ 0.90. ಇಗ್ನಿಷನ್ ಟೈಮಿಂಗನ್ನು ಟಾರ್ಕ್ ಏರಿದ ಜಾಗದಲ್ಲಿ ಎರಡು ಮೂರು ಡಿಗ್ರಿ ಹಿಂದಕ್ಕೆ ತೆಗೆದು ಶುರು ಮಾಡಿ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬರುವ ಬಡಿತದ ಶಬ್ದ) ಇಲ್ಲ ಎಂದು ಖಾತ್ರಿಯಾದಂತೆ ಡಿಗ್ರಿ ಡಿಗ್ರಿಯಾಗಿ ಮುಂದಕ್ಕೆ ತನ್ನಿ.

ಎತ್ತರದ ಊರಿನಲ್ಲಿ ಟ್ಯೂನ್ ಮಾಡುವ ನಮಗೆ ಮಾತ್ರ ಬರುವ ಒಂದು ತೊಡಕಿದೆ. ತುಮಕೂರಿನಲ್ಲಾಗಲಿ, ಬೆಂಗಳೂರಿನ ಡೈನೊ ಮೇಲಾಗಲಿ ಮ್ಯಾಪ್ 92 ದಾಟುವುದಿಲ್ಲ. ಕೋಷ್ಟಕದಲ್ಲಿ 95, 100 ಕಿಲೋಪಾಸ್ಕಲ್ ಸಾಲುಗಳು ಮುಟ್ಟದೆ ಹಾಗೇ ಉಳಿಯುತ್ತವೆ. ಅದೇ ಗಾಡಿಯನ್ನು ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಒಯ್ದರೆ ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ಇರುವುದೇ ಆ ಸಾಲುಗಳಲ್ಲಿ, ಯಾರೂ ಪರೀಕ್ಷಿಸದ ಅಂಕಿಗಳ ಮೇಲೆ. ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇ ಸುಮಾರು 400 ಮೀಟರ್ ಎತ್ತರದ ಊರಿನಲ್ಲಿದೆ, ಅಲ್ಲಿ 96–97 ಬರುತ್ತದೆ. ಆದ್ದರಿಂದ ಇಲ್ಲಿಂದ ಹೊರಡುವ ಮುಂಚೆ 90ರ ಸಾಲಿನ ಅಂಕಿಗಳ ಏರಿಕೆ ನೋಡಿ ಮೇಲಿನ ಸಾಲುಗಳನ್ನು ಅದೇ ಓಟದಲ್ಲಿ ತುಂಬಿ, ಮೇಲೆ ಶೇಕಡಾ ಮೂರರಷ್ಟು ಇಂಧನ ಹೆಚ್ಚಿಡಿ, ಟೈಮಿಂಗ್ ಎರಡು ಡಿಗ್ರಿ ಹಿಂದಿಡಿ. ಅಲ್ಲಿ ಅಭ್ಯಾಸದ ಮೊದಲ ಸುತ್ತುಗಳಲ್ಲಿ ಲಾಗ್ ತೆಗೆದು ಲ್ಯಾಂಬ್ಡಾ ನೋಡಿ, ಆಮೇಲೆ ಸರಿಮಾಡಿ.

ಬೇಸಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ರನ್ನರ್ ಒಳಗಿನ ಗಾಳಿ 32ರಿಂದ 50 ಡಿಗ್ರಿಗೆ ಏರಿದರೆ ಶಬ್ದದ ವೇಗ 360 ಆಗುತ್ತದೆ, ಟ್ಯೂನ್ ಆದ ಜಾಗ 150 ಆರ್‌ಪಿಎಂ ಮೇಲಕ್ಕೆ ಸರಿಯುತ್ತದೆ. ಅದಕ್ಕಿಂತ ಹೆಚ್ಚು ನಷ್ಟ ಬಿಸಿಗಾಳಿ ಹಗುರವಾಗುವುದರಿಂದ. ಫಿಲ್ಟರ್ ಬಾಯಿಯನ್ನು ಎಕ್ಸಾಸ್ಟ್ ಕಡೆಯಿಂದ ದೂರ, ಗ್ರಿಲ್ ಹಿಂದಕ್ಕೆ ತನ್ನಿ, ಮಧ್ಯೆ ಒಂದು ಶೀಟ್ ಅಡ್ಡ ಕೊಡಿ.

ಮೊದಲ ಓಟದ ನಂತರ ಎಂಜಿನ್ ತಣಿದ ಮೇಲೆ ಎಲ್ಲ ಬೋಲ್ಟುಗಳ ಟಾರ್ಕ್ ಮತ್ತೆ ನೋಡಿ. ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ಬಣ್ಣ ಹೋಲಿಸಿ. ಒಂದು ಮಾತ್ರ ಬಿಳಿಚಿಕೊಂಡಿದ್ದರೆ ಆ ಸಿಲಿಂಡರಿಗೆ ಗಾಳಿ ಹೆಚ್ಚು ಹೋಗುತ್ತಿದೆ, ಇಲ್ಲವೇ ಅಲ್ಲಿ ಪ್ಯಾಕಿಂಗ್ ಲೀಕ್ ಇದೆ, ಇಲ್ಲವೇ ಇಂಜೆಕ್ಟರ್ ಕಟ್ಟಿಕೊಂಡಿದೆ. ಇಂಜೆಕ್ಟರನ್ನು ಪಕ್ಕದ ಸಿಲಿಂಡರಿಗೆ ಬದಲಿಸಿ ಓಡಿಸಿ: ಬಿಳುಪು ಜೊತೆಗೆ ಹೋದರೆ ಇಂಜೆಕ್ಟರ್ ಕೆಟ್ಟಿದೆ, ಅಲ್ಲೇ ಉಳಿದರೆ ಮ್ಯಾನಿಫೋಲ್ಡ್ ಬಿಚ್ಚಿ ಆ ರನ್ನರಿನ ಮುಖವನ್ನೂ ಬೆಲ್‌ಮೌತನ್ನೂ ಪರೀಕ್ಷಿಸಿ. ಬಳಿಕ ಮೊದಲು ಹಾಕಿದ್ದ ಅದೇ ಡೈನೊಗೆ, ಅದೇ ಟೈರು, ಅದೇ ಟೈರ್ ಒತ್ತಡದಲ್ಲಿ ಒಯ್ದು, ಎರಡೂ ಕಾಗದವನ್ನು ಒಂದರ ಮೇಲೊಂದು ಇಟ್ಟು ಓದಿ. ಶಿಖರದ ಅಂಕಿ ಬಿಟ್ಟು 4400ರಿಂದ 6500ರವರೆಗಿನ ಗೆರೆಯನ್ನು ಮಾತ್ರ ಹೋಲಿಸಿ.